ಟಿಮಕ್ಸ್ ಒಳಗೆ ವಿಮ್ ಬಣ್ಣ ಕೆಟ್ಟಾಗ ನಾನು ಹಿಡಿದ ದಾರಿ

ಟರ್ಮಿನಲ್‌ನಲ್ಲಿ ಓಡುವ ಎಡಿಟರ್ ವಿಮ್. ಒಂದೇ ವಿಮ್, ಒಂದೇ ಥೀಮ್. ಟರ್ಮಿನಲ್‌ನಲ್ಲಿ ನೇರವಾಗಿ ತೆರೆದರೆ ಬಣ್ಣ ಸರಿ, ಒಂದೇ ಟರ್ಮಿನಲ್ಲನ್ನು ಹಲವಾಗಿ ಬಳಸಲು ಬಿಡುವ ಟಿಮಕ್ಸ್ ಒಳಗೆ ಮಂಕು, ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಹೋದರೆ ಮತ್ತೊಂದು ವೇಷ. ಇಂಥ ಹೊತ್ತಲ್ಲಿ ಎಲ್ಲರೂ ಥೀಮನ್ನೇ ಬೈಯುತ್ತಾರೆ. ನಾನು ಥೀಮ್ ಮುಟ್ಟದೆ ಹೊರಗಿನಿಂದ ಒಳಕ್ಕೆ ಬಂದೆ.

ಮೊದಲು ವಿಮ್ ಇಲ್ಲದೆಯೇ ಪರೀಕ್ಷೆ. ಟರ್ಮಿನಲ್‌ಗೆ ಬಣ್ಣ ಹೇಳುವ ಎಸ್ಕೇಪ್ ಸಂಕೇತದಲ್ಲಿ 38;5 ಅಂದರೆ 256 ಬಣ್ಣಗಳಲ್ಲಿ ಒಂದು; 38;2 ಅಂದರೆ ಕೆಂಪು, ಹಸಿರು, ನೀಲಿಯ ಅಳತೆ ನೇರವಾಗಿ ಕೊಡುವ 24 ಬಿಟ್ ಬಣ್ಣ. 38;2 ಬಳಸಿ ಒಂದು ಬಣ್ಣದ ಪಟ್ಟಿ ಮುದ್ರಿಸಿದೆ. ಟಿಮಕ್ಸ್ ಹೊರಗೆ ನುಣುಪಾಗಿ ಬಂತು, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯಿತು. ಅಲ್ಲಿಗೆ ತೊಂದರೆ ವಿಮ್‌ಗಿಂತ ಮೊದಲೇ ಇದೆ ಅಂತಾಯ್ತು.

ಟರ್ಮಿನಲ್ ಯಾವ ಬಗೆಯದು ಎಂದು ಪ್ರೋಗ್ರಾಮುಗಳಿಗೆ ತಿಳಿಸುವುದು ಟರ್ಮ್ ವೇರಿಯಬಲ್. ಟಿಮಕ್ಸ್ ಒಳಗೆ ಅದನ್ನು ನೋಡಿದರೆ ಬರೀ 'ಸ್ಕ್ರೀನ್'. ಎಷ್ಟು ಬಣ್ಣ ಎಂದು 'ಟಿಪುಟ್ ಕಲರ್ಸ್' ಆಜ್ಞೆ ಕೊಟ್ಟು ಕೇಳಿದರೆ 8. ಇದಕ್ಕೆ ಶೆಲ್‌ನ ಸೆಟ್ಟಿಂಗ್ ಫೈಲಾದ ಬ್ಯಾಶ್‌ಆರ್‌ಸಿಯಲ್ಲಿ ಟರ್ಮ್ ಅನ್ನು 'ಎಕ್ಸ್‌ಟರ್ಮ್-256ಕಲರ್' ಎಂದು ಬರೆದುಬಿಡಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನನಗದು ಒಪ್ಪಿಗೆಯಿಲ್ಲ. ಟಿಮಕ್ಸ್ ಒಳಗಿರುವ ಪ್ರೋಗ್ರಾಮಿಗೆ ಟಿಮಕ್ಸೇ ಟರ್ಮಿನಲ್. ಸುಳ್ಳು ಹೆಸರು ಹೇಳಿದರೆ ಅದಕ್ಕಿಲ್ಲದ ಸಾಮರ್ಥ್ಯವನ್ನೂ ಇದೆ ಎಂದು ನಂಬಿಸಿದ ಹಾಗೆ.

ಹಾಗಾಗಿ ಟಿಮಕ್ಸ್ ಕಾನ್ಫ್ ಫೈಲಿನಲ್ಲಿ ಡೀಫಾಲ್ಟ್-ಟರ್ಮಿನಲ್ ಅನ್ನು 'ಟಿಮಕ್ಸ್-256ಕಲರ್' ಮಾಡಿದೆ. ಹೊರಗಿನ ಟರ್ಮಿನಲ್‌ಗೆ 24 ಬಿಟ್ ಬರುತ್ತದೆ ಎಂದು ಟಿಮಕ್ಸ್‌ಗೂ ತಿಳಿಸಬೇಕು: ಟಿಮಕ್ಸ್ 3.2ರಿಂದೀಚೆಗೆ ಟರ್ಮಿನಲ್-ಫೀಚರ್ಸ್‌ನಲ್ಲಿ ಆರ್‌ಜಿಬಿ, ಹಳೆಯದರಲ್ಲಿ ಟರ್ಮಿನಲ್-ಓವರ್‌ರೈಡ್ಸ್‌ನಲ್ಲಿ ಟಿಸಿ. ಕಾನ್ಫಿಗ್ ಮತ್ತೆ ಲೋಡ್ ಮಾಡಿದರೆ ಸಾಲದು, ಆಗಲೇ ತೆರೆದಿರುವ ಪೇನ್‌ಗಳಲ್ಲಿ (ಪರದೆಯ ಭಾಗಗಳಲ್ಲಿ) ಹಳೆಯ ಟರ್ಮ್ ಉಳಿದಿರುತ್ತದೆ. ಕೆಲಸ ಸೇವ್ ಮಾಡಿ, ಟಿಮಕ್ಸನ್ನೇ ಪೂರ್ತಿ ನಿಲ್ಲಿಸುವ ಕಿಲ್-ಸರ್ವರ್ ಕೊಟ್ಟು ಮತ್ತೆ ತೆರೆದೆ. ಪಟ್ಟಿ ನುಣುಪಾಯಿತು.

ಇನ್ನು ವಿಮ್. 24 ಬಿಟ್ ಬಣ್ಣ ಬಳಸು ಎನ್ನುವ 'ಟರ್ಮ್‌ಗುಯಿಕಲರ್ಸ್' ಆನ್ ಮಾಡಿದ್ದೇ ತಡ, ಇದ್ದಬದ್ದ ಬಣ್ಣವೂ ಹೋಗಿ ಪರದೆ ಕಪ್ಪು ಬಿಳುಪು! 24 ಬಿಟ್ ಬಣ್ಣ ಕಳಿಸುವ ಸಂಕೇತಗಳು ಟಿ_8ಎಫ್, ಟಿ_8ಬಿ ಎಂಬ ಆಯ್ಕೆಗಳಲ್ಲಿರುತ್ತವೆ. ಟರ್ಮ್ ಎಕ್ಸ್‌ಟರ್ಮ್ ಬಗೆಯದಾದರೆ ಮಾತ್ರ ನನ್ನ ವಿಮ್ ಅವನ್ನು ತಾನಾಗಿ ತುಂಬಿಕೊಳ್ಳುತ್ತಿತ್ತು. ವಿಮ್‌ನ ಸೆಟ್ಟಿಂಗ್ ಫೈಲಾದ ವಿಮ್‌ಆರ್‌ಸಿಯಲ್ಲಿ ಮುಂಬಣ್ಣಕ್ಕೆ 38;2, ಹಿನ್ನೆಲೆಗೆ 48;2 ಸಂಕೇತ ನಾನೇ ಬರೆದೆ.

ಬಣ್ಣ ಬಂತು. ಆದರೆ ಸ್ಕ್ರೋಲ್ ಮಾಡಿದಾಗ ಸಾಲಿನ ಅಕ್ಷರ ಮುಗಿದಲ್ಲಿಂದ ಬಲಗಡೆಗೆ ಟರ್ಮಿನಲ್‌ನದೇ ಹಿನ್ನೆಲೆ ಇಣುಕುತ್ತಿತ್ತು, ಸುಣ್ಣ ಬಳಿಯುವಾಗ ಮೂಲೆ ಬಿಟ್ಟ ಗೋಡೆಯಂತೆ. ಇದು ಅಳಿಸುವ ಕ್ರಮದ ತಕರಾರು. ಖಾಲಿ ಜಾಗ ಅಳಿಸಿದರೆ ಅಲ್ಲಿ ಈಗಿನ ಹಿನ್ನೆಲೆ ಬಣ್ಣವೇ ತುಂಬುತ್ತದೆ ಎಂದು ವಿಮ್ ನಂಬಿರುತ್ತದೆ, ಎಲ್ಲ ಟರ್ಮಿನಲ್‌ಗಳೂ ಹಾಗೆ ತುಂಬುವುದಿಲ್ಲ. ಟಿ_ಯುಟಿ ಆಯ್ಕೆಯನ್ನು ಖಾಲಿ ಮಾಡಿದೆ. ಈಗ ವಿಮ್ ಪ್ರತಿ ಕೋಶವನ್ನೂ ತಾನೇ ಬಳಿಯುತ್ತದೆ, ತೇಪೆ ಕಾಣುವುದಿಲ್ಲ.

ಸರ್ವರ್‌ನಲ್ಲಿ ಬೇರೆ ಕಥೆ. ಎಸ್‌ಎಸ್‌ಎಚ್ ಟರ್ಮ್ ಹೆಸರನ್ನು ಒಯ್ಯುತ್ತದೆ, ಆದರೆ ಟರ್ಮಿನಲ್‌ಗಳ ವಿವರಣೆ ಇಡುವ ಅಲ್ಲಿನ ಹಳೆಯ ಟರ್ಮ್‌ಇನ್ಫೋದಲ್ಲಿ 'ಟಿಮಕ್ಸ್-256ಕಲರ್' ಇರಲೇ ಇಲ್ಲ. ನನ್ನ ಯಂತ್ರದಲ್ಲಿ 'ಇನ್ಫೋಸಿಎಂಪಿ -ಎಕ್ಸ್' ಕೊಟ್ಟು ವಿವರಣೆ ತೆಗೆದು, ಸರ್ವರ್‌ನಲ್ಲಿ 'ಟಿಕ್ -ಎಕ್ಸ್' ಮೂಲಕ ಕಂಪೈಲ್ ಮಾಡಿದೆ. ರೂಟ್ (ಯಂತ್ರದ ಮುಖ್ಯ ಬಳಕೆದಾರ) ಅಧಿಕಾರ ಬೇಕಾಗಲಿಲ್ಲ, ಅದು ನನ್ನ ಹೋಮ್ ಫೋಲ್ಡರಿನ ಡಾಟ್-ಟರ್ಮ್‌ಇನ್ಫೋಗೆ ಹೋಗಿ ಕೂತಿತು.

ರೂಟ್ ಅಧಿಕಾರದಲ್ಲಿ ವಿಮ್ ತೆರೆಯುವ 'ಸುಡೋ ವಿಮ್' ಎಂದರೆ ಈಗಲೂ ಬೇರೆ ಬಣ್ಣವೇ, ಅಲ್ಲಿ ಓದುವುದು ರೂಟ್‌ನ ವಿಮ್‌ಆರ್‌ಸಿ. ಅದನ್ನು ಸರಿಮಾಡುವ ಗೋಜಿಗೆ ಹೋಗದೆ 'ಸುಡೋಎಡಿಟ್' ಬಳಸುತ್ತೇನೆ. ಎಡಿಟರ್ ನನ್ನ ಹೆಸರಲ್ಲೇ ಓಡುತ್ತದೆ.