ಮೊದಲ ಸೈಕಲ್ ಕಂಪ್ಯೂಟರ್: ಆಯ್ಕೆ ಹೇಗೆ?

ಸೈಕಲ್ ಕಂಪ್ಯೂಟರ್, ಅಂದರೆ ಸವಾರಿಯ ವೇಗ, ದೂರ ಮುಂತಾದವನ್ನು ತೋರಿಸುವ ಪುಟ್ಟ ಸಾಧನ, ಕೊಳ್ಳಲು ಅಂಗಡಿಗೆ ಹೋಗುವ ಮೊದಲು, ಸವಾರಿಯ ನಡುವೆ ಯಾವ ಮಾಹಿತಿ ಕಣ್ಣೆದುರಿಗೆ ಇರಬೇಕೆಂಬುದನ್ನು ನಿರ್ಧರಿಸಿಕೊಳ್ಳಿ. ಹೊಸದಾಗಿ ಸೈಕಲ್ ಹಿಡಿದವರಿಗೆ ವೇಗ, ದೂರ ಮತ್ತು ಸಮಯ, ಈ ಮೂರು ತಿಳಿದರೆ ಬಹುಮಟ್ಟಿಗೆ ಸಾಕು. ಇಷ್ಟಕ್ಕೆ ತಂತಿ ಜೋಡಿಸಿದ ಸಾಧಾರಣ ಕಂಪ್ಯೂಟರ್ ಧಾರಾಳವಾಯಿತು. ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಅಯಸ್ಕಾಂತವು ಫೋರ್ಕಿಗೆ (ಚಕ್ರವನ್ನು ಹಿಡಿದಿರುವ ಕವಲಿಗೆ) ಕಟ್ಟಿದ ಸೆನ್ಸರ್‌ನ ಎದುರು ಹಾದಾಗಲೆಲ್ಲ ಒಂದು ಸುತ್ತು ಲೆಕ್ಕಕ್ಕೆ ಸೇರುತ್ತದೆ. ಸುತ್ತುಗಳನ್ನು ಚಕ್ರದ ಸುತ್ತಳತೆಯಿಂದ ಗುಣಿಸಿದರೆ ದೂರ ಸಿಗುತ್ತದೆ. ಇಂಥವುಗಳಲ್ಲಿ ಹೆಚ್ಚಿನವು ಗುಂಡಿ ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ನಡೆಯುತ್ತವೆ.

ದಾರಿ ತೋರಿಸಬೇಕು, ಸವಾರಿಯ ನಕ್ಷೆ ದಾಖಲಾಗಬೇಕು ಎಂದಾದರೆ ಮಾತ್ರ ಜಿಪಿಎಸ್ ಕಂಪ್ಯೂಟರಿನ ಕಡೆ ನೋಡಿ. ಇದಕ್ಕೆ ಚಕ್ರದ ಸೆನ್ಸರ್ ಕಡ್ಡಾಯವಲ್ಲ. ಆದರೆ ಮಲೆನಾಡಿನ ದಟ್ಟ ಮರಗಳ ನಡುವೆಯೋ ಎತ್ತರದ ಕಟ್ಟಡಗಳ ಮಗ್ಗುಲಲ್ಲೋ ಉಪಗ್ರಹದ ಸಂಕೇತ ದುರ್ಬಲವಾಗಿ, ಆ ಕ್ಷಣದ ವೇಗ ಏರುಪೇರಾಗಿ ಕಾಣಬಹುದು. ನಂದಿಬೆಟ್ಟದಂಥ ಏರನ್ನು ಹತ್ತುವ ಉದ್ದೇಶವಿದ್ದರೆ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಇರುವುದನ್ನೇ ಆರಿಸಿ. ಏರು ಎಷ್ಟು ಕಡಿದಾಗಿದೆ ಎಂಬುದನ್ನು ಅದು ಹೆಚ್ಚು ನಂಬುವಂತೆ ತೋರಿಸುತ್ತದೆ. 200 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ) 13 ಗಂಟೆ 30 ನಿಮಿಷಗಳ ಗಡುವಿರುತ್ತದೆ. ಮುಂದೆ ಅಂಥ ಸವಾರಿಯ ಆಸೆಯಿದ್ದವರು ದಾರಿ ತೋರಿಸುತ್ತಲೇ ಅಷ್ಟು ಹೊತ್ತು ಬಾಳುವ ಬ್ಯಾಟರಿ ಇದೆಯೇ ಎಂದು ವಿಚಾರಿಸಬೇಕು.

ಬಿಸಿಲಿನಲ್ಲಿ ಪರದೆಯನ್ನು ಓದಿ ನೋಡದೆ ಹಣ ಕೊಡಬೇಡಿ. ಮಳೆಯಲ್ಲಿ, ಕೈಗವಸಿನಲ್ಲಿ ಸ್ಪರ್ಶಪರದೆಗಿಂತ ಗುಂಡಿಗಳೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಐಪಿಎಕ್ಸ್7 ಎಂಬ ಗುರುತಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆಂದು ಅರ್ಥ. ನಮ್ಮ ಮುಂಗಾರಿಗೆ ಅದು ಸಾಕು. ಬ್ಲೂಟೂತ್ ಜೊತೆ, ಸೆನ್ಸರ್‌ಗಳನ್ನು ತಂತಿಯಿಲ್ಲದೆ ಜೋಡಿಸುವ ಆಂಟ್ ಪ್ಲಸ್ ಕೂಡ ಇದ್ದರೆ, ಪೆಡಲ್ ತುಳಿತ ಎಣಿಸುವ ಕೇಡೆನ್ಸ್ ಸೆನ್ಸರನ್ನಾಗಲಿ ಹೃದಯಬಡಿತದ ಪಟ್ಟಿಯನ್ನಾಗಲಿ ಬೇರೆ ಕಂಪನಿಯದ್ದನ್ನೂ ಸೇರಿಸಿಕೊಳ್ಳಬಹುದು.

ಚಕ್ರದ ಸೆನ್ಸರ್ ಇರುವುದನ್ನು ಕೊಂಡವರು ಸುತ್ತಳತೆಯನ್ನು ಸ್ವತಃ ಅಳೆಯಬೇಕು. ಕೈಪಿಡಿಯ ಪಟ್ಟಿಯಲ್ಲಿ 700x25 ಟೈರಿಗೆ ಸುಮಾರು 2105, 700x28ಕ್ಕೆ ಸುಮಾರು 2136 ಮಿ.ಮೀ. ಎಂದಿರುತ್ತದೆ, ಒಂದರ ಬದಲು ಇನ್ನೊಂದನ್ನು ತುಂಬಿದರೆ 100 ಕಿ.ಮೀ.ಗೆ ಸುಮಾರು ಒಂದೂವರೆ ಕಿ.ಮೀ. ವ್ಯತ್ಯಾಸ ಬರುತ್ತದೆ. ಟೈರಿಗೆ ಎಂದಿನಷ್ಟು ಗಾಳಿ ತುಂಬಿ, ವಾಲ್ವ್ ನೇರ ಕೆಳಗಿರುವಾಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಸೈಕಲ್ ಮೇಲೆ ಕುಳಿತು, ಭಾರ ಬಿಟ್ಟು, ಸರಿಯಾಗಿ ಒಂದು ಸುತ್ತು ಮುಂದೆ ಉರುಳಿಸಿ, ವಾಲ್ವ್ ಮತ್ತೆ ಕೆಳಗೆ ಬಂದಲ್ಲಿ ಇನ್ನೊಂದು ಗೆರೆ ಹಾಕಿಸಿ, ನಡುವಿನ ಅಂತರವನ್ನು ಮಿಲಿಮೀಟರ್‌ನಲ್ಲಿ ತುಂಬಿ. ಬಳಿಕ ಚಕ್ರ ತಿರುಗಿಸಿ ನೋಡಿ: ವೇಗ ಸೊನ್ನೆಯಲ್ಲೇ ನಿಂತಿದ್ದರೆ ಅಯಸ್ಕಾಂತವನ್ನು ಸೆನ್ಸರ್‌ನ ಗುರುತಿನ ಎದುರಿಗೆ ತಂದು, ಅಂತರವನ್ನು ಕೆಲವೇ ಮಿಲಿಮೀಟರ್‌ಗೆ ಇಳಿಸಿ. ಟೈರಿನ ಅಳತೆ ಬದಲಾದಾಗಲೆಲ್ಲ ಈ ಅಳೆಯುವ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.