ಎರಡು ಉಂಡೆ, ಎರಡು ಲಾಳಿ

ಮಗನಿಗೆ ಹೆಣೆಯುತ್ತಿದ್ದ ಸ್ವೆಟರಿನ ಬೆನ್ನು ಒಂದು ಗೇಣು ಏರಿತ್ತು. ಅತ್ತೆ ಕನ್ನಡಕ ಸರಿಪಡಿಸಿಕೊಂಡು ನೋಡಿ, "ಇದೇನವ್ವಾ, ಯಾರೋ ಎಲೆ ಅಡಿಕೆ ಉಗುಳಿದ ಹಾಗಿದೆ" ಎಂದರು. ಸಿಟ್ಟು ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ. ಮೆರೂನ್, ನೀಲಿ, ಬಿಳಿ, ಬೂದು ಸರದಿಯಲ್ಲಿ ಬರುವ ಬಹುವರ್ಣದ ಉಣ್ಣೆ ದಾರ ಅದು. ಬಲ ಅಂಚಿನಲ್ಲಿ ಮೆರೂನ್ ಒಂದೇ ಗುಡ್ಡೆಯಾಗಿ ಕುಳಿತಿತ್ತು, ಎಡ ಅಂಚಿನಲ್ಲಿ ಬಿಳಿ. ನಡುವೆ ಮಾತ್ರ ನೀಲಿ, ಬೂದು ಚೆನ್ನಾಗಿ ಬೆರೆತಿದ್ದವು.

ದಾರವೇ ಕೆಟ್ಟದ್ದೆಂದು ಅಂಗಡಿಗೆ ಜಗಳಕ್ಕೆ ಹೊರಟಿದ್ದೆ. ಹೋಗುವ ಮುನ್ನ ಟೇಪು ಹಿಡಿದು ಅಳೆದದ್ದು ಒಳ್ಳೆಯದಾಯಿತು. ಒಂದು ಮೆರೂನ್ ಶುರುವಾದಲ್ಲಿಂದ ಮುಂದಿನ ಮೆರೂನ್ ಶುರುವಾಗುವವರೆಗೆ ಸುಮಾರು 210 ಸೆಂ.ಮೀ. ಆಮೇಲೆ 20 ಕುಣಿಕೆ ಹೆಣೆದು, ಬಿಚ್ಚಿ, ಆ ದಾರವನ್ನು ಅಳೆದೆ: 32 ಸೆಂ.ಮೀ. ನನ್ನ ಸಾಲಿನಲ್ಲಿ 66 ಕುಣಿಕೆ, ಅಂದರೆ ಸಾಲಿಗೆ ಹತ್ತಿರ ಹತ್ತಿರ 105 ಸೆಂ.ಮೀ. ಹೋಗಿ ಬರುವ ಎರಡು ಸಾಲಿಗೆ ಸರಿಯಾಗಿ ಬಣ್ಣದ ಒಂದು ಸುತ್ತು! ಪ್ರತಿ ಸಲ ಬಲ ಅಂಚಿನಲ್ಲಿ ತಿರುಗುವಾಗಲೂ ಕಡ್ಡಿಗೆ ಮೆರೂನೇ ಸಿಗುತ್ತಿತ್ತು. ತಪ್ಪು ದಾರದ್ದಲ್ಲ, ನನ್ನ ಲೆಕ್ಕದ್ದು.

ಮೂರು ಕುಣಿಕೆ ಹೆಚ್ಚಿಸಿ ಒಂದು ತುಂಡು ಹೆಣೆದು ನೋಡಿದೆ. ಗುಡ್ಡೆ ಚದುರಿತು, ಆದರೆ ಬಣ್ಣ ಓರೆಯಾಗಿ ಮಿಂಚಿನಂತೆ ಹರಿಯತೊಡಗಿತು. ಮೂರು ವರ್ಷದ ಹುಡುಗನ ಬೆನ್ನಿಗೆ ಅದೂ ಬೇಡವೆನಿಸಿತು.

ನಮ್ಮ ಮನೆ ಬೆಟಗೇರಿಯಲ್ಲಿ. ಎದುರು ಮನೆಯ ಅಜ್ಜ ಮಗ್ಗ ಬಿಟ್ಟು ವರ್ಷಗಳಾಗಿವೆ, ಕಣ್ಣು ಮಾತ್ರ ಇನ್ನೂ ನೇಕಾರರದೇ. ತುಂಡನ್ನು ಬೆಳಕಿಗೆ ಹಿಡಿದು ಹೇಳಿದರು: "ಹೊಕ್ಕಿನ ನೂಲು ಲಡಿಯಿಂದ ಲಡಿಗೆ ಬಣ್ಣ ಬದಲಿಸಿದರೆ ನಾವು ಎರಡು ಲಾಳಿ ಇಡುತ್ತಿದ್ದೆವು ತಂಗಿ. ಎರಡು ಎಳೆ ಇದರದು, ಎರಡು ಎಳೆ ಅದರದು. ಹೋದ ಲಾಳಿ ತಿರುಗಿ ಬರಬೇಕಲ್ಲ." ಹೊಕ್ಕು ಅಂದರೆ ಬಟ್ಟೆಯ ಅಡ್ಡನೂಲು, ಅದನ್ನು ಹೊತ್ತು ಮಗ್ಗದಲ್ಲಿ ಆಚೀಚೆ ಓಡುವುದೇ ಲಾಳಿ.

ಬೆನ್ನನ್ನು ಪೂರ್ತಿ ಬಿಚ್ಚಿದೆ. ಬಿಚ್ಚಿದ ದಾರ ಶಾವಿಗೆಯಂತೆ ಸುರುಳಿಗಟ್ಟಿರುತ್ತದೆ. ಹಾಗೆಯೇ ಹೆಣೆದರೆ ಕುಣಿಕೆಗಳು ಸಮನಾಗುವುದಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ನೆನೆಸಿ ನೆರಳಿಗೆ ತೂಗುಹಾಕಿದೆ. ಒಣಗಿದ ಮೇಲೆ ಎರಡು ಉಂಡೆ ಮಾಡಿದೆ. ಒಂದನ್ನು ಮೆರೂನಿನಿಂದ ಶುರು ಮಾಡಿ, ಇನ್ನೊಂದನ್ನು ಬಿಳಿಯಿಂದ ಶುರು ಮಾಡಿ, ಎರಡೆರಡು ಸಾಲಿಗೆ ಉಂಡೆ ಬದಲಿಸಿದೆ. ಒಂದೊಂದೇ ಸಾಲಿಗೆ ಬದಲಿಸಲು ಹೋದರೆ ಬೇಕಾದ ದಾರ ಆಚೆಯ ಅಂಚಿನಲ್ಲಿ ಉಳಿದಿರುತ್ತದೆ. ಬದಲಿಸುವಾಗ ಹೊಸ ದಾರವನ್ನು ಹಳೆಯದರ ಅಡಿಯಿಂದ ತಂದೆ. ಬಿಗಿಯಾಗಿ ಎಳೆಯಬಾರದು, ಮೊದಲ ಹತ್ತು ಸಾಲು ಎಳೆದು ಅಂಚು ಸುಕ್ಕುಗಟ್ಟಿ, ಅಷ್ಟನ್ನು ಮತ್ತೆ ಬಿಚ್ಚಬೇಕಾಯಿತು. ಉಂಡೆಗಳು ಒಂದಕ್ಕೊಂದು ಸುತ್ತಿಕೊಳ್ಳದಂತೆ ಎರಡು ಡಬ್ಬಿಗಳಲ್ಲಿಟ್ಟೆ. ಅಂಚಿನ ಹದಿನಾರು ಹದಿನಾರು ಕುಣಿಕೆಗಳಲ್ಲಿ ಒಂದು ಸೀದಾ, ಒಂದು ಉಲ್ಟಾ ಹಾಕಿ, ಮುಂದಿನ ಸಾಲಿನಲ್ಲಿ ಅದನ್ನು ಅದಲುಬದಲು ಮಾಡಿದೆ. ಆ ಕಾಳುಕಾಳು ಮೈಯಲ್ಲಿ ಬಣ್ಣದ ಗೆರೆ ಒಡೆದುಹೋಗುತ್ತದೆ.

ತೋಳಿಗೆ ಈ ಯಾವ ಕಸರತ್ತೂ ಬೇಕಾಗಲಿಲ್ಲ. ಅಲ್ಲಿ 38 ಕುಣಿಕೆ ಮಾತ್ರ. ಒಂದೊಂದು ಬಣ್ಣಕ್ಕೆ ಹೆಚ್ಚುಕಡಿಮೆ ಒಂದೊಂದು ಸಾಲು ಮುಗಿದು ತಾನಾಗಿಯೇ ಪಟ್ಟೆ ಬಂತು. ಅತ್ತೆ ಬೆನ್ನನ್ನು ತಿರುವಿ ತಿರುವಿ ನೋಡಿ ಏನೂ ಅನ್ನಲಿಲ್ಲ. ಗುಂಡಿ ಹಚ್ಚಲು ಸೂಜಿ ದಾರ ತೆಗೆದುಕೊಂಡು ಕುಳಿತರು.