ಕ್ಯಾಡ್ ಕಲಿಯಬೇಕಾ? ಮೊದಲು ಟೇಪು ಹಿಡಿದು ನಿಮ್ಮ ಮನೆ ಅಳೆಯಿರಿ

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರು, ಹುಡುಗಿಯರು "ಆಟೋಕ್ಯಾಡ್ ಕಲಿತರೆ ಕೆಲಸ ಸಿಗುತ್ತಾ" ಅಂತ ಕೇಳುತ್ತಾ ಇರುತ್ತಾರೆ. ಕ್ಯಾಡ್ ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು, ಆಟೋಕ್ಯಾಡ್ ಅದಕ್ಕಿರುವ ಒಂದು ತಂತ್ರಾಂಶ. ಕಮಾಂಡುಗಳನ್ನು ಬಾಯಿಪಾಠ ಮಾಡಿದವರು ತುಂಬಾ ಜನ ಇದ್ದಾರೆ. ಆದರೆ ಬರೆದ ನಕ್ಷೆ ಹಿಡಿದು ಮೇಸ್ತ್ರಿ ಒಂದೂ ಫೋನ್ ಮಾಡದೆ ಗೋಡೆ ಎಬ್ಬಿಸುವ ಹಾಗೆ ಬರೆಯುವವರು ಕಡಿಮೆ. ಆ ಸಾಲಿಗೆ ಸೇರುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಕಂಪ್ಯೂಟರ್ ಸದ್ಯಕ್ಕೆ ಪಕ್ಕಕ್ಕಿರಲಿ. ಒಂದು ಟೇಪು, ಪೆನ್ಸಿಲ್, ನೋಟ್‌ಬುಕ್ ತಗೊಳ್ಳಿ, ನಿಮ್ಮ ಮನೆಯನ್ನೇ ಅಳೆಯಿರಿ. ಶಿರಸಿ ಕಡೆಯ ಹಳೇ ಮನೆಯಾದರೆ ಇನ್ನೂ ಒಳ್ಳೆಯದು: ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಎಲ್ಲಾ ಸೇರಿ ಕಲಿಯಲು ಬೇಕಾದಷ್ಟಿರುತ್ತದೆ. ಮೊದಲು ಕೈಯಲ್ಲೇ ಒಂದು ಕಚ್ಚಾ ಚಿತ್ರ ಬರೆದು, ಆಮೇಲೆ ಅದರ ಮೇಲೆ ಅಳತೆ ತುಂಬಿ. ಒಂದು ಗೋಡೆಯಲ್ಲಿ ಎರಡು ಕಿಟಕಿ, ಒಂದು ಬಾಗಿಲು ಇದ್ದರೆ ಪ್ರತಿ ತುಂಡನ್ನೂ ಬೇರೆ ಬೇರೆ ಅಳೆಯಬೇಡಿ. ಟೇಪಿನ ತುದಿಯನ್ನು ಒಂದೇ ಮೂಲೆಯಲ್ಲಿ ಇಟ್ಟು, ಅಲ್ಲಿಂದಲೇ ಎಲ್ಲ ಅಂಚುಗಳ ದೂರ ಓದುತ್ತಾ ಹೋಗಿ, ಆಗ ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ. ಪ್ರತಿ ಕೋಣೆಯಲ್ಲೂ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎದುರುಬದುರು ಗೋಡೆ ಸಮ ಇದ್ದು ಕರ್ಣ ಬೇರೆ ಬಂದರೆ ಕೋಣೆ ಸೊಟ್ಟ ಇದೆ ಅಂತ ಅರ್ಥ. ಹಳೇ ಮನೆಗಳಲ್ಲಿ ಹೀಗಿರುತ್ತದೆ, ಅದನ್ನು ಸೊಟ್ಟಗೇ ಬರೆಯಬೇಕು, ಚೆಂದ ಕಾಣಲಿ ಅಂತ ನೇರ ಮಾಡಬಾರದು.

ಗೋಡೆ ದಪ್ಪ ಬಾಗಿಲ ಹತ್ತಿರ ಸಿಗುತ್ತದೆ. ಇದನ್ನು ಬಿಡಲೇಬೇಡಿ. ವಿಡಿಯೋಗಳಲ್ಲಿ ಎಲ್ಲರೂ 230 ಮಿಲಿಮೀಟರ್ ಇಟ್ಟಿಗೆ ಗೋಡೆ ಬರೆಯುತ್ತಾರೆ. ನಮ್ಮ ಕಡೆ ಚಿರೆಕಲ್ಲಿನ ಗೋಡೆ ಅಷ್ಟೇ ಇರಬೇಕೆಂದಿಲ್ಲ, ಅಲ್ವಾ?

ಈಗ ಎ3 ಹಾಳೆ (297 × 420 ಮಿಲಿಮೀಟರ್), ಎರಡು ಸೆಟ್ ಸ್ಕ್ವೇರ್, ಒಂದು ಸ್ಕೇಲ್, ತೆಳು ಗೆರೆಗೆ ಗಟ್ಟಿಯಾದ 2ಎಚ್ ಪೆನ್ಸಿಲ್, ದಪ್ಪ ಗೆರೆಗೆ ಮೆತ್ತಗಿನ ಎಚ್‌ಬಿ ಪೆನ್ಸಿಲ್ ತಗೊಳ್ಳಿ. ಮಧ್ಯಮ ಗಾತ್ರದ ಮನೆ 1:100 ರಲ್ಲಿ (ಮನೆಯ ನೂರು ಮಿಲಿಮೀಟರ್‌ಗೆ ಹಾಳೆಯಲ್ಲಿ ಒಂದು) ಆರಾಮವಾಗಿ ಹಿಡಿಸುತ್ತದೆ. ಕಾಣುವ ಅಂಚಿಗೆ ದಪ್ಪ ಗೆರೆ, ಮರೆಯಲ್ಲಿರುವುದಕ್ಕೆ ತುಂಡು ಗೆರೆ, ಅಳತೆಗೆ ತೆಳು ಗೆರೆ. ಎಲ್ಲ ಗೆರೆಯೂ ಒಂದೇ ದಪ್ಪ ಇದ್ದರೆ ನಕ್ಷೆ ಓದಲು ಆಗುವುದಿಲ್ಲ. ಮೆಕ್ಯಾನಿಕಲ್ ಕಡೆ ಹೋಗುವವರು ಇನ್ನೊಂದು ನೆನಪಿಡಿ: ನಮ್ಮಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ, ಮೇಲಿನಿಂದ ನೋಡಿದ ಚಿತ್ರ ಎದುರಿನ ಚಿತ್ರದ ಕೆಳಗೆ ಬರುತ್ತದೆ. ಅಮೆರಿಕದವರ ವಿಡಿಯೋಗಳಲ್ಲಿ ಇದು ಉಲ್ಟಾ ಇರುತ್ತದೆ.

ಪ್ಲಾನ್ ಆದ ಮೇಲೆ ಸೆಕ್ಷನ್ ಬರೆಯಿರಿ. ಹೊಸಬರು ಇದನ್ನೇ ತಪ್ಪಿಸಿಕೊಳ್ಳುತ್ತಾರೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಪ್ಲಾನ್ ಅಂದರೆ ಮನೆಯನ್ನು ಕಿಟಕಿ ಮಟ್ಟದಲ್ಲಿ ಅಡ್ಡಕ್ಕೆ ಕೊಯ್ದು ಮೇಲಿನಿಂದ ನೋಡಿದ್ದು, ಸೆಕ್ಷನ್ ಅಂದರೆ ಮೇಲಿನಿಂದ ಕೆಳಕ್ಕೆ ಕೊಯ್ದು ಪಕ್ಕದಿಂದ ನೋಡಿದ್ದು. ಹೆಂಚಿನ ಮಾಡು ಎಷ್ಟು ಇಳಿಜಾರು, ಸೂರು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ, ಜಗಲಿ ಅಂಗಳಕ್ಕಿಂತ ಎಷ್ಟು ಎತ್ತರ, ಇದ್ಯಾವುದರ ಎತ್ತರವೂ ಪ್ಲಾನಿನಲ್ಲಿ ಸಿಗುವುದಿಲ್ಲ, ಆದರೆ ನಮ್ಮ ಮಳೆಗೆ ಮನೆ ನಿಲ್ಲುವುದು ಇವುಗಳ ಮೇಲೇ. ಬಾಗಿಲು, ಕಿಟಕಿ, ಮೆಟ್ಟಿಲು ಮೂರೂ ಸಿಗುವ ಜಾಗದಲ್ಲಿ ಕೊಯ್ಯಿರಿ.

ಇಷ್ಟಾದ ಮೇಲೆ ಕಂಪ್ಯೂಟರ್. ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಕಂಪನಿ ಆಟೋಕ್ಯಾಡನ್ನು ಉಚಿತವಾಗಿ ಕೊಡುತ್ತದೆ, ನೀವು ವಿದ್ಯಾರ್ಥಿ ಅಂತ ದಾಖಲೆ ತೋರಿಸಬೇಕು. ಹಳೇ ಲ್ಯಾಪ್‌ಟಾಪ್ ಇದ್ದರೆ ಲಿಬ್ರೆಕ್ಯಾಡ್ ಹಾಕಿಕೊಳ್ಳಿ. ಅದು ಎಲ್ಲರಿಗೂ ಉಚಿತ, ಹಗುರ, 2ಡಿ, ಅಂದರೆ ಹಾಳೆಯ ಮೇಲಿನಂಥ ಸಪಾಟು ನಕ್ಷೆ, ಕಲಿಯಲು ಸಾಕು. ಕದ್ದ ಕಾಪಿ ಮಾತ್ರ ಬೇಡ.

ಮೊದಲು ಯೂನಿಟ್ ಮಿಲಿಮೀಟರ್‌ಗೆ ಇಡಿ. ಮನೆಯನ್ನು ಇದ್ದ ಅಳತೆಯಲ್ಲೇ ಬರೆಯಿರಿ, 1:100 ರಂಥ ಸ್ಕೇಲ್ ಪ್ರಿಂಟಿಗೆ ಮಾತ್ರ. ಮೇಸ್ತ್ರಿಗಳು ಈಗಲೂ ಅಡಿ ಇಂಚಿನಲ್ಲೇ ಮಾತಾಡುತ್ತಾರೆ, ಹತ್ತು ಅಡಿ ಅಂದರೆ 3048 ಮಿಲಿಮೀಟರ್, ಸುಮ್ನೆ 3000 ಅಂತ ಹಾಕಿದರೆ ಹತ್ತಿರ ಹತ್ತಿರ ಎರಡು ಇಂಚು ಹೋಯಿತು. ಗೋಡೆ, ಬಾಗಿಲು, ಅಳತೆ, ಬರಹ ಎಲ್ಲಕ್ಕೂ ಬೇರೆ ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ) ಮಾಡಿ. ಆಟೋಕ್ಯಾಡಿನಲ್ಲಿ ಎಫ್8 ಒತ್ತಿದರೆ ಗೆರೆ ಓರೆಯಾಗದೆ ನೇರ ಅಡ್ಡಕ್ಕೆ ಇಲ್ಲವೇ ನೇರ ಉದ್ದಕ್ಕೆ ಹೋಗುತ್ತದೆ, ಎಫ್3 ಒತ್ತಿದರೆ ಗೆರೆಯ ತುದಿಗೇ ಹೋಗಿ ಹಿಡಿಯುತ್ತದೆ. ಕಣ್ಣಂದಾಜಿನಲ್ಲಿ ಗೆರೆ ಕೂಡಿಸಬೇಡಿ, ದೊಡ್ಡದು ಮಾಡಿ ನೋಡಿದರೆ ಸಂದು ಕಾಣುತ್ತದೆ. ಅಕ್ಷರದ ಎತ್ತರದಲ್ಲಿ ತುಂಬಾ ಜನ ಸಿಕ್ಕಿಬೀಳುತ್ತಾರೆ: ಹಾಳೆಯ ಮೇಲೆ 2.5 ಮಿಲಿಮೀಟರ್ ಬರಬೇಕಾದರೆ 1:100 ಕ್ಕೆ 250, 1:50 ಕ್ಕೆ 125 ಇಡಬೇಕು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಆಟೋಸೇವ್ ಐದು ನಿಮಿಷಕ್ಕೆ ಇಟ್ಟುಬಿಡಿ.

ಬರೆದದ್ದನ್ನು ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. 1:100 ರಲ್ಲಿ ಮೂರು ಮೀಟರ್ ಗೋಡೆ 30 ಮಿಲಿಮೀಟರ್ ಬರಲೇಬೇಕು. ಬರದಿದ್ದರೆ ಪ್ರಿಂಟ್ ಮಾಡುವಾಗ "ಹಾಳೆಗೆ ಹೊಂದಿಸು" ಅನ್ನುವುದು ಆನ್ ಆಗಿದೆ ಅಂತ ಲೆಕ್ಕ. ಆಮೇಲೆ ಊರಿನ ಮೇಸ್ತ್ರಿಯೊಬ್ಬರಿಗೆ ಕೊಟ್ಟು, "ಅಣ್ಣ, ಇದರಲ್ಲಿ ಏನು ಗೊತ್ತಾಗುತ್ತಿಲ್ಲ ಹೇಳಿ" ಅಂತ ಕೇಳಿ. ಅವರು ಕೇಳುವ ಒಂದೊಂದು ಪ್ರಶ್ನೆಯೂ ನಕ್ಷೆಯಲ್ಲಿ ಬಿಟ್ಟುಹೋದ ಒಂದೊಂದು ಅಳತೆ.

ಸರ್ಟಿಫಿಕೇಟ್ ಬೇಕಾದವರಿಗೆ ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ (ನಕ್ಷೆ ಬರೆಯುವವರು) ಸಿವಿಲ್, ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಅಂತ ಎರಡೆರಡು ವರ್ಷದ ಟ್ರೇಡ್ ಇವೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ನಿಮಗೆ ಹತ್ತಿರದ ಐಟಿಐಯಲ್ಲಿ ಯಾವ ಟ್ರೇಡ್ ಇದೆ ಅಂತ ಹೋಗಿ ಕೇಳಿಕೊಂಡು ಬನ್ನಿ. ಮನೆ ಕಟ್ಟುವ ಕೆಲಸ ಇಷ್ಟವಾದರೆ ಸಿವಿಲ್. ಕೈಗಾದ ಅಣು ವಿದ್ಯುತ್ ಸ್ಥಾವರ, ದಾಂಡೇಲಿಯ ಕಾಗದ ಕಾರ್ಖಾನೆಯಂಥ ಯಂತ್ರ, ಪೈಪುಗಳ ಲೋಕ ಎಳೆಯುತ್ತಿದ್ದರೆ ಮೆಕ್ಯಾನಿಕಲ್. ಎರಡು ಮೂರು ತಿಂಗಳ ಖಾಸಗಿ ಕೋರ್ಸಿಗೆ ಸೇರುವುದಾದರೆ ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿ: ದಿನಕ್ಕೆ ಎಷ್ಟು ಹೊತ್ತು ಒಬ್ಬರಿಗೇ ಒಂದು ಕಂಪ್ಯೂಟರ್ ಸಿಗುತ್ತದೆ, ಮತ್ತು ನಾನು ಅಳೆದು ತಂದ ಮನೆಯ ಸೆಕ್ಷನ್ ಬರೆಯುವುದನ್ನು ಕೂತು ತಿದ್ದುತ್ತೀರಾ. ಎರಡನೆಯದಕ್ಕೆ "ಇಲ್ಲ" ಅಂದರೆ ಬೇರೆ ಕಡೆ ನೋಡಿ.